ಹದಿನಾರು ಪುಟಗಳಿಲ್ಲದ ‘ಸಂಸ್ಕಾರ’ ಮತ್ತು ತೆರೆಯ ಮೇಲಿನ ‘ಸಂಸ್ಕಾರ’

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಕಾದಂಬರಿಯಾಗಿ ಓದಬೇಕೋ, ಪಟ್ಟಾಭಿರಾಮ ರೆಡ್ಡಿಯವರ ಚಲನಚಿತ್ರವಾಗಿ ನೋಡಬೇಕೋ ಎಂದು ಯಾರಾದರೂ ಕೇಳಿದರೆ ಓದಿ ಎಂದೇ ಹೇಳುತ್ತೇನೆ. ಎರಡೂ ಸರಿಸಮ ಎಂದು ನಾನೂ ಬಹುಕಾಲ ನಂಬಿದ್ದೆ. ಆ ನಂಬಿಕೆ ಅಲುಗಿದ್ದು ಹದಿನಾರು ಪುಟಗಳಿಲ್ಲದ ಒಂದು ಪ್ರತಿ ಕೈಗೆ ಬಂದ ಮೇಲೆ.

ಕಳೆದ ಮಳೆಗಾಲದಲ್ಲಿ ಅಂಚೆಯಲ್ಲಿ ತರಿಸಿಕೊಂಡ ಪುಸ್ತಕವದು. 96ನೆಯ ಪುಟ ಮಗುಚಿದರೆ ಮತ್ತೆ 81 ಬಂತು. ಹೊಲಿಯುವಾಗ ಒಂದೇ ಫಾರಂ (ಹದಿನಾರು ಪುಟಗಳ ಮಡಿಕೆ) ಎರಡು ಸಲ ಸೇರಿ, 97ರಿಂದ 112ರವರೆಗಿನ ಫಾರಂ ಬಿಟ್ಟುಹೋಗಿತ್ತು. ಹೊರಗಿನಿಂದ ನೋಡಿದರೆ ಪುಸ್ತಕದ ದಪ್ಪದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದುದರಿಂದ, ಬಂದ ದಿನ ಒಮ್ಮೆ ತಿರುವಿ ಹಾಕಿ ಕಪಾಟಿನಲ್ಲಿಟ್ಟುಬಿಟ್ಟಿದ್ದೆ. ಓದಲು ಕುಳಿತಾಗ ತಿಂಗಳು ದಾಟಿತ್ತು. ಮಾರಿದವರಿಗೆ ಪುಟಗಳ ಚಿತ್ರ ತೆಗೆದು ಎರಡು ಬಾರಿ ಬರೆದೆ. ಮರಳಿಸುವ ಅವಧಿ ಮುಗಿದಿದೆ ಎಂಬ ಒಂದೇ ಸಾಲಿನ ಉತ್ತರ ಎರಡು ಬಾರಿಯೂ ಬಂತು. ಹರಿದ ಪುಟವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಓದುತ್ತಾ ಓದುತ್ತಾ ಹೋದವರನ್ನು ಹದಿನಾರು ಪುಟ ಹಿಂದಕ್ಕೆ ತಂದು ನಿಲ್ಲಿಸುವ ಪುಸ್ತಕವನ್ನು ಏನು ಮಾಡುವುದು?

ಆಚಾರ ಮುರಿದು ಬದುಕಿದ್ದ ನಾರಣಪ್ಪ ಸತ್ತಾಗ, ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಅಗ್ರಹಾರದ ಬ್ರಾಹ್ಮಣರು ತೀರ್ಮಾನಿಸಲಾಗದೆ ಕೂರುವುದರಿಂದ ಕಥೆ ಶುರುವಾಗುತ್ತದೆ. ಅದು ಕಡಿದ ಜಾಗವಾದರೂ ಎಂಥದ್ದು! ಪ್ಲೇಗಿಗೆ ಬಲಿಯಾದ ಹೆಂಡತಿ ಭಾಗೀರಥಿಯನ್ನು ದಹಿಸಿ, ದೂರ್ವಾಸಪುರದ ಅಗ್ರಹಾರ ಬಿಟ್ಟು ಕಾಲು ಒಯ್ದತ್ತ ಹೊರಟ ಪಂಡಿತ ಪ್ರಾಣೇಶಾಚಾರ್ಯರಿಗೆ ದಾರಿಯಲ್ಲಿ ಮಾಲೇರ ಪುಟ್ಟ ಎಂಬವನು ಗಂಟುಬಿದ್ದು, ಇಬ್ಬರೂ ಮೇಳಿಗೆಯ ಜಾತ್ರೆಯ ದಾರಿ ಹಿಡಿದಿದ್ದರು. ಮುಂದೇನಾಯಿತೆಂದು ತಿಳಿಯುವ ಆತುರ ತಡೆಯದೆ, ಹಿಂದೆಂದೋ ನೋಡಿದ್ದ ಚಿತ್ರವನ್ನು ಅಂದೇ ರಾತ್ರಿ ಮತ್ತೆ ಹಾಕಿಕೊಂಡು ಕುಳಿತೆ. ಘಟನೆಗಳ ಸರಣಿ ತಿಳಿದರೆ ತಪ್ಪಿದ ಪುಟಗಳ ಕೊರತೆ ನೀಗುತ್ತದೆ ಎಂದುಕೊಂಡಿದ್ದೆ.

ಚಿತ್ರದ ಗುಣವನ್ನು ಮೊದಲು ಹೇಳಬೇಕು, ಏಕೆಂದರೆ ಅದು ಸಣ್ಣ ಕೃತಿಯಲ್ಲ. ಸೆನ್ಸಾರಿನವರ ನಿಷೇಧವನ್ನು ದಾಟಿ 1970ರಲ್ಲಿ ಹೊರಬಂದು, ಅತ್ಯುತ್ತಮ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರವಿದು. ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಕಪ್ಪುಬಿಳುಪು ಛಾಯಾಗ್ರಹಣದಲ್ಲಿ ಮಲೆನಾಡಿನ ಮನೆ, ಅಂಗಳ, ಜಗಲಿಗಳು ಮೊದಲ ಸಲ ಕಂಡವರ ಕಣ್ಣಿಗೆ ಬಿದ್ದಂತೆ ಬೀಳುತ್ತವೆ. ನಾರಣಪ್ಪ ಇಟ್ಟುಕೊಂಡಿದ್ದ ಚಂದ್ರಿಯ ವಿಷಯದಲ್ಲಂತೂ ಚಿತ್ರವೇ ಮೇಲು. ಕಾದಂಬರಿಯಲ್ಲಿ ಆಕೆಯನ್ನು ನಾವು ಹೆಚ್ಚಾಗಿ ಗಂಡಸರ ಕಣ್ಣಿನಿಂದ ನೋಡುತ್ತೇವೆ; ಅಗ್ರಹಾರದ ದುರ್ಗಾಭಟ್ಟನಿಗೆ ಅವಳು ರವಿವರ್ಮನ ಮತ್ಸ್ಯಗಂಧಿಯಾಗಿ ಕಾಣುತ್ತಾಳೆ. ಸ್ನೇಹಲತಾ ರೆಡ್ಡಿಯವರ ಚಂದ್ರಿ ಯಾರ ಹೋಲಿಕೆಗೂ ಸಿಕ್ಕುವವಳಲ್ಲ. ಮನೆಯೊಳಗೆ ಹೆಣವನ್ನಿಟ್ಟುಕೊಂಡು, ದೊಡ್ಡವರ ತೀರ್ಮಾನಕ್ಕಾಗಿ ಕಾದು ದಣಿದ ಹೆಂಗಸು ಅವಳು, ಅಷ್ಟೇ. ಆ ದಣಿವೇ ಮನಸ್ಸಿನಲ್ಲಿ ನಿಲ್ಲುತ್ತದೆ. ಪಿ. ಲಂಕೇಶರ ನಾರಣಪ್ಪನನ್ನು ನೋಡಿದ ಮೇಲೆ ಪುಸ್ತಕದ ನಾರಣಪ್ಪನಿಗೂ ನನ್ನ ಮನಸ್ಸಿನಲ್ಲಿ ಅದೇ ಮುಖ.

ಆದರೆ ನನಗೆ ಬೇಕಾಗಿದ್ದ ಹದಿನಾರು ಪುಟಗಳು ಚಿತ್ರದಲ್ಲಿ ಸಿಗಲಿಲ್ಲ. ಪುಟ್ಟ ಮಾತಾಡುತ್ತಾನೆ, ಆಚಾರ್ಯರು ನಡೆಯುತ್ತಾರೆ, ಗಿರೀಶ ಕಾರ್ನಾಡರ ಮುಖದಲ್ಲಿ ಭಯವೂ ಆಯಾಸವೂ ಕಾಣುತ್ತವೆ. ಯಾವ ಭಯ ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಮುಂದೆ ಗ್ರಂಥಾಲಯದ ಪ್ರತಿಯಲ್ಲಿ ಆ ಭಾಗವನ್ನು ಓದಿದಾಗ, ಅಲ್ಲಿರುವುದು ಒಂದು ಭಯವಲ್ಲ, ಒಂದರೊಳಗೊಂದು ಹೆಣೆದುಕೊಂಡ ಹಲವು ಭಯಗಳು ಎಂದು ತಿಳಿಯಿತು. ಗುರುತಿನವರು ಯಾರಾದರೂ ಎದುರಾದಾರು ಎಂಬ ಭಯ. ಸೂತಕದಲ್ಲಿರುವವನು ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದೇನೆ ಎಂಬ ಭಯ. ಸತ್ಯ ಹೇಳಿಬಿಟ್ಟರೆ ಇಷ್ಟು ಜನರ ಉತ್ಸವ ಕೆಡುತ್ತದೆ, ಹೇಳದಿದ್ದರೆ ತಾನೇ ಕೆಡುತ್ತೇನೆ ಎಂಬ ಇಕ್ಕಟ್ಟು. ಕೋಳಿ ಅಂಕದ ಎದುರು ನಿಂತಾಗ, ಅಲ್ಲಿ ಸೇರಿದವರು ಮೈಮರೆತು ನೋಡುವ ರೀತಿಗೇ ಆಚಾರ್ಯರು ಬೆಚ್ಚುತ್ತಾರೆ; ತನಗೆ ಗೊತ್ತಿರದ ಒಂದು ಲೋಕಕ್ಕೆ ಇಳಿದುಬಿಟ್ಟೆನೆಂಬ ತಲ್ಲಣ ಅದು. ‘ಆಚಾರ್ಯರು’ ಎಂದು ದೂರದಿಂದ ಹೇಳುತ್ತಿದ್ದ ಗದ್ಯ ಯಾವ ಸೂಚನೆಯನ್ನೂ ಕೊಡದೆ ‘ನಾನು’ ಎಂಬುದರೊಳಕ್ಕೆ ಜಾರಿ, ಮತ್ತೆ ಹೊರಬರುತ್ತದೆ. ಪೆನ್ಸಿಲ್ ಹಿಡಿದು ಆ ಜಾರುವ ಜಾಗಗಳನ್ನು ಗುರುತು ಮಾಡುತ್ತಾ ಹೋದೆ. ಒಂದೇ ಪುಟದಲ್ಲಿ ಎಷ್ಟೋ ಕಡೆ ಗುರುತು ಬಿತ್ತು. ಕಾದಂಬರಿಯ ನಿಜವಾದ ಕಥೆ ನಡೆಯುವುದು ಈ ಹೋಗಿಬರುವಿಕೆಯಲ್ಲಿ ಎಂದು ನನಗೆ ಅನ್ನಿಸುತ್ತದೆ. ಕ್ಯಾಮೆರಾ ಮುಖದ ತೀರ ಹತ್ತಿರಕ್ಕೆ ಹೋದರೂ ಆ ಮನುಷ್ಯನ ಎದುರಿಗೇ ಇರುತ್ತದೆ.

ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ, ಪ್ಲೇಗಿನ ಕಾಲದ ಕಥೆಯುಳ್ಳ ಇಂಗ್ಮರ್ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ಚಿತ್ರ ನೋಡಿದ್ದೇ ಈ ಕಾದಂಬರಿಗೆ ಪ್ರೇರಣೆಯಾಯಿತೆಂದು ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ಚಿತ್ರವೊಂದು ಹೊತ್ತಿಸಿದ ಈ ಕೃತಿ 1965ರಲ್ಲಿ ಪ್ರಕಟವಾಗಿ, ಐದೇ ವರ್ಷದಲ್ಲಿ ಮತ್ತೆ ಚಿತ್ರವಾಯಿತು. ಆದ್ದರಿಂದ ಚಿತ್ರವನ್ನು ಮಾಡಲೇಬಾರದಿತ್ತು ಎಂಬ ವಾದ ನನ್ನದಲ್ಲ.

ಹೆಣದ ಸಂಸ್ಕಾರದ ಕುರಿತು ನಡೆಯುವ ಚರ್ಚೆಗೆ, ಅದರ ಖರ್ಚಿಗೆಂದು ಚಂದ್ರಿ ಕೊಟ್ಟ ಬಂಗಾರದ ಮೇಲಿನ ಆಸೆಗೆ ಎರಡರಲ್ಲೂ ಸಮಾನ ಬಲವಿದೆ. ಹಸಿವು ತಡೆಯಲಾರದೆ ಪಾರಿಜಾತಪುರದ ಮಂಜಯ್ಯನ ಮನೆಗೆ ಹೋಗುವ, ಅಗ್ರಹಾರದ ಬಡ ಬ್ರಾಹ್ಮಣ ದಾಸಾಚಾರ್ಯನ ಭಾಗ ಮಾತ್ರ ಪುಸ್ತಕದಲ್ಲೇ ಚೆನ್ನ. ನಾನು ನೋಡಿದ ಚಿತ್ರದ ಪ್ರತಿಯಲ್ಲಿ ರಾತ್ರಿಯ ದೃಶ್ಯಗಳು ಮಸುಕಾಗಿದ್ದವು. ಅದನ್ನು ಚಿತ್ರದ ದೋಷವೆಂದು ಲೆಕ್ಕಕ್ಕೆ ಹಿಡಿದಿಲ್ಲ.

ನನ್ನ ಓದು ನಡೆಯುವುದು ರಾತ್ರಿ ಊಟವಾದ ಮೇಲಿನ ಅರ್ಧ ಗಂಟೆಯಲ್ಲಿ. ಎರಡು ಪುಟ ಓದಿ, ಒಂದನ್ನು ಮತ್ತೆ ಓದಿ, ದೀಪ ಆರಿಸುವ ರೂಢಿಯವಳಿಗೆ ಕಾದಂಬರಿಯೇ ಹೊಂದುತ್ತದೆ. ಒಂದೇ ಉಸಿರಿಗೆ ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರು ಚಿತ್ರವನ್ನೂ ಖಂಡಿತ ನೋಡಲಿ, ಆದರೆ ಓದಿ ಮುಗಿಸಿದ ಮೇಲೆ ನೋಡಲಿ. ಮೊದಲೇ ನೋಡಿದರೆ, ಜಾತ್ರೆಯ ದಾರಿಯಲ್ಲಿ ಏನೂ ನಡೆಯುವುದಿಲ್ಲ ಎಂಬ ತಪ್ಪು ಕಲ್ಪನೆ ಉಳಿದುಬಿಡುವ ಅಪಾಯವಿದೆ. ಹಿಂದೆ ನನಗೆ ಆದದ್ದು ಅದೇ.

ಇನ್ನೊಂದು ಪ್ರತಿ ಕೊಳ್ಳಲು ಆ ತಿಂಗಳು ಕೈಯಲ್ಲಿ ಹಣವಿರಲಿಲ್ಲ. ಗ್ರಂಥಾಲಯದ ಪುಸ್ತಕದಿಂದ ಆ ಭಾಗವನ್ನು ಜೆರಾಕ್ಸ್ ಮಾಡಿಸಿ, ಎರಡನೆಯ ಸಲ ಬಂದ ಫಾರಂ ಅನ್ನು ಬ್ಲೇಡಿನಿಂದ ಬಿಡಿಸಿ, ಅದರ ಜಾಗದಲ್ಲಿ ದಬ್ಬಳ ಮತ್ತು ದಪ್ಪ ದಾರದಿಂದ ಹೊಲಿದೆ. ಜೆರಾಕ್ಸ್ ಹಾಳೆಗಳು ಅರ್ಧ ಬೆರಳಿನಷ್ಟು ಹೊರಚಾಚಿವೆ. ಪುಸ್ತಕವನ್ನು ಎತ್ತಿಕೊಂಡರೆ ಈಗ ಮೊದಲು ತೆರೆದುಕೊಳ್ಳುವುದು ಮೇಳಿಗೆಯ ಜಾತ್ರೆಯೇ.