ಆಲ್ಕೋಹಾಲ್ ಬಿಟ್ಟು ಆಫ್‌ಸೆಟ್ ಮುದ್ರಣ: ಮೂರು ಫೌಂಟೇನ್ ದ್ರಾವಣಗಳ ಹೋಲಿಕೆ

ಶಿರಸಿಯ ನಮ್ಮ ಮುದ್ರಣಾಲಯದಲ್ಲಿರುವುದು ಹಳೆಯ ಎರಡು ಬಣ್ಣದ ಆಫ್‌ಸೆಟ್ ಯಂತ್ರ. ಮದುವೆಯ ಕರೆಯೋಲೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಕೆಲಸವೆಲ್ಲ ಇಂಥದ್ದೇ. ಇದೇ ಯಂತ್ರದಲ್ಲಿ ಮೂರು ಬಗೆಯ ಫೌಂಟೇನ್ ದ್ರಾವಣ ಓಡಿಸಿ ನೋಡಿದ್ದೇನೆ. ಅಚ್ಚಿನ ಪ್ಲೇಟಿನಲ್ಲಿ ಅಕ್ಷರ, ಚಿತ್ರ ಇಲ್ಲದ ಜಾಗಕ್ಕೆ ಶಾಯಿ ಅಂಟದಂತೆ ಅದನ್ನು ಒದ್ದೆಯಾಗಿಡುವ ನೀರೇ ಈ ದ್ರಾವಣ.

ಹಳೆಯ ಪದ್ಧತಿಯದು ಆಮ್ಲೀಯ ದ್ರಾವಣಕ್ಕೆ ಶೇ. 10ರಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ್ದು. ಕೆಲಸದಲ್ಲಿ ಇದನ್ನು ಮೀರಿಸುವುದು ಕಷ್ಟ. ಆಲ್ಕೋಹಾಲ್ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ, ನೀರನ್ನು ತುಸು ಮಂದವಾಗಿಸುತ್ತದೆ, ಆರುತ್ತ ಪ್ಲೇಟನ್ನು ತಂಪಾಗಿಡುತ್ತದೆ. ರೋಲರ್ ಗಡುಸಾಗಿದ್ದರೂ ಒತ್ತಡ ತಪ್ಪಿದ್ದರೂ ಅದು ಮುಚ್ಚಿಹಾಕುತ್ತದೆ. ಆದರೆ ಏಪ್ರಿಲ್‌ನ ಸೆಕೆಯಲ್ಲಿ, ದ್ರಾವಣವನ್ನು ತಣಿಸುವ ಚಿಲ್ಲರ್ ಇಲ್ಲದ ತಟ್ಟೆಯಿಂದ, ಯಂತ್ರ ನಿಂತಿದ್ದಾಗಲೂ ಅದು ಆವಿಯಾಗುತ್ತಲೇ ಇರುತ್ತದೆ. ಆ ಆವಿಯನ್ನು ದಿನವಿಡೀ ಉಸಿರಾಡುವವರು ನಾವೇ. ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇದರ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಕಾಗದದ ರಾಶಿಯ ಪಕ್ಕದಲ್ಲಿ ಇಂಥ ಕ್ಯಾನುಗಳನ್ನು ಇಟ್ಟುಕೊಂಡು ನಿಶ್ಚಿಂತೆಯಿಂದಿರುವುದು ನನಗಂತೂ ಆಗದು.

ಪೂರ್ಣ ಆಲ್ಕೋಹಾಲ್‌ರಹಿತ ದ್ರಾವಣದಲ್ಲಿ ವಾಸನೆ ತೀರಾ ಕಡಿಮೆ. ಇದರಲ್ಲಿರುವ ಗ್ಲೈಕಾಲ್ ಮಾದರಿಯ ಬದಲಿಗಳು ಮೇಲ್ಮೈ ಎಳೆತವನ್ನು ಇಳಿಸುತ್ತವೆ, ಆದರೆ ನೀರನ್ನು ಮಂದವಾಗಿಸುವುದಿಲ್ಲ. ಹಾಗಾಗಿ ತೆಳ್ಳಗಿನ ನೀರನ್ನು ಸಮನಾಗಿ ಹರಡಲು ಮೆದು ರಬ್ಬರ್ ರೋಲರ್ ಬೇಕು, ಒತ್ತಡ ಕರಾರುವಾಕ್ಕಾಗಿರಬೇಕು. ನಮ್ಮ ಹಳೆಯ ರೋಲರ್‌ಗಳಲ್ಲಿ ದೊಡ್ಡ ಜಾಗಕ್ಕೆ ಒಂದೇ ಬಣ್ಣ ದಟ್ಟವಾಗಿ ತುಂಬುವ ಮುಖಪುಟ ಹಾಕಿದಾಗ ಅಂಚುಗಳಲ್ಲಿ ಶಾಯಿ ಮೆತ್ತಿಕೊಳ್ಳುತ್ತಿತ್ತು. ಬರೀ ಅಕ್ಷರದ ಕೆಲಸಕ್ಕೆ ಯಾವ ತೊಂದರೆಯೂ ಇರಲಿಲ್ಲ. ಡಬ್ಬಿಯ ಮೇಲೆ ಹಸಿರು ಎಲೆ ಇದೆಯೆಂದು ನಿರುಪದ್ರವಿ ಎಂದುಕೊಳ್ಳಬಾರದು. ಕೆಲವು ಗ್ಲೈಕಾಲ್ ಈಥರ್‌ಗಳು ಚರ್ಮದ ಮೂಲಕವೂ ದೇಹ ಸೇರುತ್ತವೆ. ಸುರಕ್ಷತಾ ಪತ್ರ ಕೊಡದ ಅಂಗಡಿಯಲ್ಲಿ ಕೊಳ್ಳದಿರುವುದೇ ಮೇಲು. ಕೈಗವಸು ಇಲ್ಲಿಯೂ ಬೇಕು.

ಮೂರನೆಯದಾದ ಕಡಿಮೆ ಆಲ್ಕೋಹಾಲಿನ ದ್ರಾವಣಕ್ಕೆ ಶೇ. 3ರಿಂದ 4ರಷ್ಟು ಆಲ್ಕೋಹಾಲ್ ಬೆರೆಸಿದರೆ ಸಾಕು. ಹಳೆಯ ಯಂತ್ರಕ್ಕೆ ನನ್ನ ಮತ ಇದಕ್ಕೇ. ನೀರಿನ ಹರಿವನ್ನು ಸ್ವಲ್ಪ ಏರಿಸಿದೆ, ಅಷ್ಟೇ.

ಡಬ್ಬಿಗಿಂತ ಮೊದಲು ನೀರನ್ನು ನೋಡಬೇಕು. ನಮ್ಮ ಬಾವಿಯ ನೀರು ಮೃದು. ಆಲ್ಕೋಹಾಲ್‌ರಹಿತ ದ್ರಾವಣ ಅದರಲ್ಲಿ ನೊರೆ ಕಟ್ಟುತ್ತಿತ್ತು, ಮೃದು ನೀರಿಗೆಂದೇ ತಯಾರಾದದ್ದನ್ನು ಕೇಳಿ ತರಿಸಬೇಕಾಯಿತು. ಕಾರವಾರದ ಕಡಲಂಚಿನಲ್ಲಿ ಬೇಸಿಗೆಗೆ ಬಾವಿ ಉಪ್ಪಾದರೆ ಸಮಸ್ಯೆ ಬೇರೆ: ಕ್ಲೋರೈಡ್ ಲೋಹವನ್ನು ತಿನ್ನುತ್ತದೆ, ವಾಹಕತೆಯ (ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆಂದು ಅಳೆಯುವ) ಮೀಟರು ದ್ರಾವಣ ಬೆರೆಸುವ ಮೊದಲೇ ಮೇಲೇರಿ ಕುಳಿತಿರುತ್ತದೆ. ಅಲ್ಲಿ ಶುದ್ಧೀಕರಿಸಿದ ನೀರಿಲ್ಲದೆ ಹೋಲಿಕೆಗೇ ಅರ್ಥವಿಲ್ಲ. ಎಲ್ಲಿಯೇ ಆಗಲಿ, ಬರೀ ನೀರಿನ ವಾಹಕತೆಯನ್ನು ಮೊದಲು ಬರೆದಿಟ್ಟು, ಬೆರೆಸಿದ ಮೇಲಿನ ಅಳತೆಯಿಂದ ಕಳೆಯಬೇಕು; ಎಷ್ಟು ದ್ರಾವಣ ಬೆರೆತಿದೆ ಎಂಬುದು ಆಗಲೇ ತಿಳಿಯುವುದು. ಪಿಎಚ್ 4.8ರಿಂದ 5.3ರೊಳಗೆ ಇದ್ದರೆ ನನ್ನ ಪ್ಲೇಟುಗಳು ಸ್ವಚ್ಛವಾಗಿ ಓಡುತ್ತವೆ.

ಹಳಸಿದ ದ್ರಾವಣದ ವಿಷಯದಲ್ಲಿ ಮೂರೂ ಒಂದೇ. ಶಾಯಿ ಬೆರೆತ ನೀರನ್ನು ಚರಂಡಿಗೆ ಸುರಿದರೆ ಕೆಳಗಿನ ಅಡಿಕೆ ತೋಟಕ್ಕೇ ಹೋಗುತ್ತದೆ. ಡ್ರಮ್ಮಿನಲ್ಲಿ ಬೇರೆಯಾಗಿ ಕೂಡಿಡುತ್ತೇವೆ. ಮಳೆಗಾಲದ ಬಿಡುವಿನಲ್ಲಿ ಮೆದು ರೋಲರ್ ಹಾಕಿಸುವ ಯೋಚನೆಯಿದೆ. ಅದಾದ ಮೇಲೆ ಆಲ್ಕೋಹಾಲ್‌ರಹಿತ ದ್ರಾವಣವನ್ನು ಮುಖಪುಟದ ಕೆಲಸಕ್ಕೂ ಬಳಸಿ ನೋಡುತ್ತೇನೆ.