ಸ್ಟ್ಯಾಟಿಸ್ಟಿಕ್ಸ್ ಪಿಎಚ್‌ಡಿ: ಮೈಸೂರು ರಸ್ತೆಯೋ, ಅಮೆರಿಕವೋ?

ಎರಡೂ ಕಡೆ ಓದುತ್ತಲೇ ಕೈಗೆ ದುಡ್ಡು ಬರುತ್ತದೆ. ಆದರೆ ಆ ದುಡ್ಡಿನ ಸ್ವಭಾವವೇ ಬೇರೆ.

ಬೆಂಗಳೂರಿನ ಮೈಸೂರು ರಸ್ತೆಯ ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್), ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1931ರಲ್ಲಿ ಕೋಲ್ಕತ್ತದಲ್ಲಿ ಕಟ್ಟಿದ ಸಂಸ್ಥೆಯ ಕೇಂದ್ರ. ಪ್ರವೇಶ ಪರೀಕ್ಷೆ, ಸಂದರ್ಶನ ಗೆದ್ದರೆ ಫೆಲೋಶಿಪ್. ಕೇಂದ್ರ ಸರ್ಕಾರದ ಜೆಆರ್‌ಎಫ್ (ಮೊದಲ ವರ್ಷಗಳ ಜೂನಿಯರ್ ಫೆಲೋಶಿಪ್) ದರ 2023ರಿಂದ ತಿಂಗಳಿಗೆ 37,000 ರೂಪಾಯಿ, ಆಮೇಲಿನ ಸೀನಿಯರ್ ಹಂತದ ಎಸ್‌ಆರ್‌ಎಫ್‌ಗೆ 42,000. ಮನೆ ಹತ್ತಿರ ಅನ್ನೋದೂ ಸಣ್ಣ ಮಾತಲ್ಲ.

ಅಮೆರಿಕದಲ್ಲಿ ಬಿಎಸ್ಸಿ ನಂತರ ನೇರ ಪಿಎಚ್‌ಡಿಗೆ ತೆಗೆದುಕೊಳ್ಳುವ ವಿಭಾಗಗಳೂ ಇವೆ. ಸುಮಾರು ಐದು ವರ್ಷ. ಸ್ಟೈಪೆಂಡ್‌ಗಾಗಿ ಟೀಚಿಂಗ್ ಅಸಿಸ್ಟೆಂಟ್ (ಪಾಠಕ್ಕೆ ನೆರವಾಗುವವರು) ಆದರೆ ವಾರಕ್ಕೆ 20 ಗಂಟೆವರೆಗೆ ಕೆಲಸ: ರಾಶಿ ಉತ್ತರ ಪತ್ರಿಕೆ ತಿದ್ದಬೇಕು, ಪಿ-ವ್ಯಾಲ್ಯೂ ಅಂದರೇನು ಅಂತ ಹತ್ತು ಸಲ ಬಿಡಿಸಿ ಹೇಳಬೇಕು. ಆಫರ್ ಪತ್ರವನ್ನು ದಯವಿಟ್ಟು ಸಾಲುಸಾಲು ಓದಿ. ಸ್ಟೈಪೆಂಡ್ ಒಂಬತ್ತು ತಿಂಗಳಿಗೋ, ಹನ್ನೆರಡಕ್ಕೋ? ಟ್ಯೂಷನ್ ಮನ್ನಾ ಆದರೂ ಬೇರೆ ಶುಲ್ಕ ಉಳಿದಿದೆಯಾ? ಆರೋಗ್ಯ ವಿಮೆ ಯಾರದು? ಬೇಸಿಗೆ ಮೂರು ತಿಂಗಳ ಬಾಡಿಗೆ ನೀವೇ ಕಟ್ಟಬೇಕಾದರೆ ಲೆಕ್ಕವೇ ತಲೆಕೆಳಗು, ಅಲ್ವಾ?

ಪ್ರಾಬಬಿಲಿಟಿಯಂಥ ವಿಷಯ ಆಗಲೇ ಮನಸ್ಸಿಗೆ ಹತ್ತಿದ್ದರೆ, ಇಷ್ಟದ ಮಾರ್ಗದರ್ಶಕರೂ ಅಲ್ಲೇ ಇದ್ದರೆ, ನಾನು ಐಎಸ್‌ಐ ಅನ್ನುತ್ತೇನೆ. ವಿಷಯ ಇನ್ನೂ ಗಟ್ಟಿಯಾಗಿಲ್ಲವಾ? ಅಮೆರಿಕದ ಮೊದಲೆರಡು ವರ್ಷದ ಕೋರ್ಸುಗಳು ಹುಡುಕಾಡಲು ಜಾಸ್ತಿ ಸಮಯ ಕೊಡುತ್ತವೆ.