ಗಾಜಿನ ಫಿಲ್ಮ್ ಹಾಕಿಸುವ ಮೊದಲು ಇದನ್ನು ಓದಿ

ನಮ್ಮ ಕಡೆ ಹೊಸ ಮನೆ ಕಟ್ಟಿಸುತ್ತಿರುವವರೇ, ಯಾರಾದರೂ ಕಿಟಕಿಗೆ 'ಎಲೆಕ್ಟ್ರೋಕ್ರೋಮಿಕ್ ಫಿಲ್ಮ್' (ಕರೆಂಟ್ ಕೊಟ್ಟರೆ ಬಣ್ಣ ಬದಲಿಸುವ ತೆಳು ಹಾಳೆ) ಹಾಕಿಕೊಡುತ್ತೇವೆ ಅಂದರೆ ಹುಷಾರು. ನಾನು 38,000 ರೂಪಾಯಿ ಕಳೆದುಕೊಂಡು ಕೂತಿದ್ದೇನೆ.

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಬೇಸಿಗೆಯಲ್ಲಿ ಮೂರು ಗಂಟೆಯಾದರೆ ಬಿಸಿಲು ಸೀದಾ ಸೋಫಾ ಮೇಲೆ. ಶಿವಮೊಗ್ಗದ ಅಂಗಡಿಯವನು ಅಂಗೈಯಗಲದ ತುಂಡು ತೋರಿಸಿದ. ಸ್ವಿಚ್ ಹಾಕಿದ, ತಿಳಿಯಾಯಿತು. ಆರಿಸಿದ, ಬೆಳ್ಳಗಾಯಿತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ! "ಬೋಯಿಂಗ್ 787 ವಿಮಾನದ ಕಿಟಕಿಲಿ ಇರೋದು ಇದೇ ಸಾರ್. ಮಡಚಿದ್ರೂ ಏನೂ ಆಗಲ್ಲ." ಅಲ್ಲೇ ಬಿದ್ದೆ ನಾನು. ಆ ವಿಮಾನದ ಕಿಟಕಿ ನೀಲಿಯಾಗುವುದು, ಅದೂ ನಿಧಾನಕ್ಕೆ. ಬೆಳ್ಳಗಾಗುವುದಿಲ್ಲ. ಅಷ್ಟೂ ಹೊಳೆಯಲಿಲ್ಲ ನೋಡಿ.

ಜೂನ್‌ನಲ್ಲಿ ಮಳೆ ಹಿಡಿಯಿತು. ಆಮೇಲೆ ಕರೆಂಟಿನ ಕಥೆ ಗೊತ್ತಲ್ವಾ. ಕರೆಂಟ್ ಹೋಯಿತು, ಕಿಟಕಿ ಪೂರ್ತಿ ಬಿಳಿ. ಎದುರಿನ ಅಡಿಕೆ ತೋಟವೇ ಮಾಯ. ಎರಡು ದಿನ ಹಾಗೇ. ನೆಂಟರ ಎದುರು ದೊಡ್ಡಮ್ಮ, "ಇದೆಂತದೋ ಮಾರಾಯ, ಗಾಜಿಗೂ ಸುಣ್ಣ ಹೊಡೆಸಿದ್ಯಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಟ್ಟೆಯೊಳಗೆ ಬೆಂಕಿ.

ಅಂಗಡಿಯವನಿಗೆ ಫೋನ್ ಮಾಡಿದೆ. "ನಿಮ್ಮೂರಲ್ಲಿ ಕರೆಂಟ್ ಹೋದ್ರೆ ನಾನೇನ್ ಮಾಡ್ಲಿ ಸಾರ್? ಯುಪಿಎಸ್‌ಗೆ ಕೊಡಿ." ಕಿಟಕಿಗೆ ಯುಪಿಎಸ್!

ಓದಿ ನೋಡಿದ ಮೇಲೆ ಗೊತ್ತಾಯಿತು, ಇದು ಪಿಡಿಎಲ್‌ಸಿ. ಲಿಕ್ವಿಡ್ ಕ್ರಿಸ್ಟಲ್ ಹನಿಗಳ ಫಿಲ್ಮ್. ತಿಳಿಯಾಗಿರಬೇಕಾದರೆ ಕರೆಂಟ್ ಇರಲೇಬೇಕು. ನಿಜವಾದ ಎಲೆಕ್ಟ್ರೋಕ್ರೋಮಿಕ್‌ನಲ್ಲಿ ಟಂಗ್‌ಸ್ಟನ್ ಆಕ್ಸೈಡ್‌ನಂಥ ಪದರಕ್ಕೆ ಲಿಥಿಯಂ ಅಯಾನು ಸೇರಿ ನೀಲಿಯಾಗುತ್ತದೆ. ಎರಡು ಮೂರು ವೋಲ್ಟ್ ಸಾಕು. ಕರೆಂಟ್ ತೆಗೆದರೂ ಬಣ್ಣ ಸುಮಾರು ಹೊತ್ತು ನಿಲ್ಲುತ್ತದೆ, ಬಿಸಿಲಿನ ಕಾವನ್ನೂ ತಡೆಯುತ್ತದೆ. ನಮ್ಮದು ಬೆಳಕನ್ನು ಸುಮ್ನೆ ಚದುರಿಸುತ್ತದೆ. ಸೋಫಾ ಈಗಲೂ ಸುಡುತ್ತದೆ.

ಮಡಚುವ ಮಾತು? ಅಂಟಿಸಲು ಬಂದ ಹುಡುಗ ಒಂದು ಮೂಲೆ ಮಡಚಿದ. ಆ ಗೆರೆಯಿಂದಾಚೆಗಿನ ತುಂಡು ಇವತ್ತಿಗೂ ಬಿಳಿಯೇ. ಕರೆಂಟ್ ಹರಿಸುವ ಇಂಡಿಯಂ ಟಿನ್ ಆಕ್ಸೈಡ್ ಪದರ ಹಪ್ಪಳದ ಹಾಗೆ, ಜಾಸ್ತಿ ಬಾಗಿಸಿದರೆ ಬಿರುಕು. ಬಾಗುವ ಫಿಲ್ಮಿಗೆ ಬೆಳ್ಳಿಯ ನ್ಯಾನೋ ಎಳೆಗಳನ್ನು ಹಾಕಿ ನೋಡುತ್ತಿರುವುದು ಇದಕ್ಕೇ ಅಂತೆ.

ಆಗಸ್ಟ್ ಹೊತ್ತಿಗೆ ಅಂಚಿಗೆಲ್ಲ ಬೆರಳಗಲ ಮಬ್ಬು. ಥಂಡಿ ಒಳಗೆ ಹೋಗಿದೆ. ಮತ್ತೆ ಫೋನ್. "ಮಳೆಗೆ ವಾರಂಟಿ ಬರಲ್ಲ ಸಾರ್." ಮಲೆನಾಡಲ್ಲಿ ಮಾರುತ್ತಾನೆ, ಮಳೆಗೆ ವಾರಂಟಿ ಇಲ್ಲ!

ಅಂಗಡಿಯಲ್ಲೇ ವೈರ್ ಕೀಳಿಸಿ ನೋಡಿ. ತಕ್ಷಣ ಬೆಳ್ಳಗಾದರೆ ಎದ್ದು ಬನ್ನಿ. ಎಲೆಕ್ಟ್ರೋಕ್ರೋಮಿಕ್ ಅಂತ ಬಿಲ್ಲಿನಲ್ಲೂ ಬರೆಸಿಕೊಳ್ಳಿ. ನನ್ನ ಬಿಲ್ ಈಗ ತೆಗೆದು ನೋಡಿದೆ. 'ಗ್ಲಾಸ್ ಸ್ಟಿಕ್ಕರ್' ಅಂತ ಇದೆ.